ನೀರು ನೋಡಲು ಹೋದದ್ದು

ಅಣವೀರಪ್ಪ ಮಾಸ್ತರರಿಗೆ ಮುಂಬಯಿಯ ಮೇಲೆ ಅನುಮಾನ ಹುಟ್ಟಿದ್ದು ಆ ಊರನ್ನು ನೋಡಿದ ಮೇಲಲ್ಲ, ನೋಡುವುದಕ್ಕೂ ಬಹಳ ಮೊದಲು. ಆದ್ದರಿಂದ ಅದರಲ್ಲಿ ಮುಂಬಯಿಯ ತಪ್ಪೇನೂ ಇರಲಿಲ್ಲ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರು ಕಣ್ಣಾರೆ ಕಾಣದ್ದನ್ನು ನಂಬುತ್ತಿರಲಿಲ್ಲ. ಕಣ್ಣಾರೆ ಕಂಡದ್ದನ್ನು ಎರಡನೆಯ ಸಲ ಕಾಣುವ ತನಕ ನಂಬುತ್ತಿರಲಿಲ್ಲ. ಮನೆಗೆ ಬಂದ ಹಾಲಿಗೆ ಲ್ಯಾಕ್ಟೋಮೀಟರ್ ಅದ್ದುತ್ತಿದ್ದರು. ತರಕಾರಿಯವಳ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಿದ್ದರು. ಹೆಂಡತಿ ಸೋಮವ್ವ, "ಸಾರಿಗೆ ಉಪ್ಪು ಸರಿಯಾಗೈತ್ರಿ," ಎಂದರೆ, "ಯಾವುದಕ್ಕೂ ಇರಲಿ," ಎಂದು ತಾವೊಮ್ಮೆ ರುಚಿ ನೋಡುತ್ತಿದ್ದರು.

ಇಂಥವರು ಮುಂಬಯಿಯಲ್ಲಿ ಇಳಿಯಬೇಕಾಗಿ ಬಂದದ್ದು ವಿಮಾನದ ದೆಸೆಯಿಂದ. ವಡೋದರಾದಲ್ಲಿ ತಮ್ಮನ ಮಗನ ಗೃಹಪ್ರವೇಶ. ಹುಬ್ಬಳ್ಳಿಯಿಂದ ಹೊರಟ ವಿಮಾನ ಬೆಳಿಗ್ಗೆ ಮುಂಬಯಿಯಲ್ಲಿ ಇಳಿಸುತ್ತದೆ. ವಡೋದರಾಕ್ಕೆ ಹೋಗುವ ವಿಮಾನ ಸಂಜೆಗೆ. ನಡುವೆ ಒಂದು ಹಗಲು ಪೂರ್ತಿ ಖಾಲಿ. ಟಿಕೆಟ್ ಮಾಡಿಸಿಕೊಟ್ಟ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮಗಳು ಅನುರಾಧಾ, "ಅಪ್ಪಾ, ಏರ್‌ಪೋರ್ಟಿನಾಗ ಕುಂತು ಪೇಪರ್ ಓದು. ಎಲ್ಲೂ ಹೋಗಬ್ಯಾಡ," ಎಂದಿದ್ದಳು. ಹೋಗಬೇಡ ಎಂದಳು ಎಂದ ಮೇಲೆ ಅಲ್ಲಿ ನೋಡುವಂಥದ್ದು ಏನೋ ಇರಲೇಬೇಕು ಎಂದು ಮಾಸ್ತರರು ತರ್ಕಿಸಿದರು.

ನೋಡುವಂಥದ್ದು ಇತ್ತು. ಅನುರಾಧಾಳಿಗೆ ಗಂಡು ಹೆಚ್ಚೂಕಡಿಮೆ ಗೊತ್ತಾಗಿತ್ತು. ಹುಡುಗ ಶರಣು, ಚೆಂಬೂರಿನಲ್ಲಿ ಮನೆ, ಅಲ್ಲೇ ಹತ್ತಿರದ ರಿಫೈನರಿಯಲ್ಲಿ ಇಂಜಿನಿಯರ್. ತಂದೆ ಮುರಿಗೆಪ್ಪ ಇಂಡಿ ತಾಲೂಕಿನಿಂದ ಬಂದು ದಾದರಿನಲ್ಲಿ ಇಳಕಲ್ ಸೀರೆಯ ವ್ಯಾಪಾರ ಮಾಡಿ ನೆಲೆ ನಿಂತವರು. ವಿಜಯಪುರದ ಒಂದು ಮದುವೆಯಲ್ಲಿ ಹುಡುಗ, ಹುಡುಗಿ, ಇಬ್ಬರು ತಾಯಂದಿರು ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಆ ದಿನ ಮಾಸ್ತರರು ಜ್ವರ ಬಂದು ಮಲಗಿದ್ದರಿಂದ ಗಂಡಿನ ಕಡೆಯವರು ಅವರ ಮುಖ ಕಂಡಿರಲಿಲ್ಲ. ಮಾಸ್ತರರು ಹುಡುಗನ ಫೋಟೋ ಮಾತ್ರ ಕಂಡಿದ್ದರು. ಎಲ್ಲರೂ ಹೂಂ ಎಂದಾಗಿತ್ತು. ಮಾಸ್ತರರ ಹೂಂ ಒಂದು ಬಾಕಿ. ಗೃಹಪ್ರವೇಶ ಮುಗಿಸಿ ಬಂದ ಕೂಡಲೇ ಹೇಳುತ್ತೇನೆಂದು ಮಾತು ಕೊಟ್ಟಿದ್ದರು.

ಅವರ ಮನೆತನದಲ್ಲಿ ಒಂದು ರೂಢಿ. ಹೆಣ್ಣು ಕೊಡುವ ಮನೆಯ ಹೊಲ, ಬಂಗಾರ ನೋಡುವುದಕ್ಕೂ ಮೊದಲು ನೀರು ನೋಡಬೇಕು: ಎಲ್ಲಿಂದ ಬರುತ್ತದೆ, ಸಿಹಿಯೋ ಸವುಳೋ, ಹೊರುವವರು ಯಾರು. ನೋಡಬೇಕು, ಆದರೆ ಕುಡಿಯಬಾರದು. ಗಂಡಿನ ಮನೆಯ ನೀರು ಹೆಣ್ಣಿನ ತಂದೆಯ ಗಂಟಲಿಳಿಯಿತೆಂದರೆ ಮಾತು ಕೊಟ್ಟಂತೆ. ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಮಾಸ್ತರರ ಅಕ್ಕ ಹನುಮವ್ವನ ವಿಷಯದಲ್ಲಿ ಹೀಗೇ ಆಗಿತ್ತು. ಅವರಪ್ಪ ಬೇಸಿಗೆಯ ಬಿಸಿಲಲ್ಲಿ ನಡೆದು ಹೋದವರು, ಕೊಟ್ಟ ತಂಬಿಗೆ ನೀರನ್ನು ಗಟಗಟ ಕುಡಿದುಬಿಟ್ಟರು. ಆ ನೀರನ್ನು ಹಳ್ಳದಿಂದ ದಿಬ್ಬ ಹತ್ತಿಸಿ ತರಬೇಕೆಂದು ಗೊತ್ತಾದದ್ದು ಆಮೇಲೆ. ಹನುಮವ್ವನ ಬಲ ಭುಜ ಇಂದಿಗೂ ಎಡದಕ್ಕಿಂತ ಕೆಳಗಿದೆ. "ಒಂದು ತಂಬಿಗಿ ನೀರಿಗೆ ನನ್ನ ಕೊಟ್ಟುಬಿಟ್ಟ ನೋಡು ನಮ್ಮಪ್ಪ," ಎಂದು ಆಕೆ ನಗುತ್ತಲೇ ಹೇಳುತ್ತಿದ್ದಳು. ಆ ನಗೆ ಮಾಸ್ತರರಿಗೆ ಕೇಳಲಾಗುತ್ತಿರಲಿಲ್ಲ.

ಅಕ್ಕನೇ ಹಿಂದಿನ ದಿನ ಫೋನು ಮಾಡಿ ಹೇಳಿದ್ದಳು: "ಮುಂಬಯಿದಾಗ ಇಳೀತಿ ಅಲ್ಲ? ಹೇಳದ ಕೇಳದ ಹೋಗಿ ನೀರ ನೋಡಿ ಬಾ. ಬಾಯಿ ಮಾತ್ರ ಬಿಗಿ ಹಿಡಿ, ತಮ್ಮಾ."

ಮಾಸ್ತರರು ಬ್ಯಾಗಿನಲ್ಲಿ ಎರಡು ವಸ್ತು ಇಟ್ಟುಕೊಂಡರು. ಒಂದು, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಪೆನ್ನಿನಂಥ ಮೀಟರು. ಇನ್ನೊಂದು, ಖಾಲಿ ಬಾಟಲಿ. ಗೃಹಪ್ರವೇಶಕ್ಕೆಂದು ಹೊಲಿಸಿದ ಬೂದು ಬಣ್ಣದ ಸಫಾರಿ ತೊಟ್ಟರು. ಆ ಸಫಾರಿ ಮುಂದೆ ಏನೇನು ಮಾಡಲಿದೆ ಎಂಬುದು ಹೊಲಿದ ದರ್ಜಿಗೂ ತಿಳಿದಿರಲಿಲ್ಲ.

ಮುಂಬಯಿಯಲ್ಲಿ ರಿಕ್ಷಾದವನು ಕೇಳದೆಯೇ ಮೀಟರು ಹಾಕಿದ. ಮಾಸ್ತರರ ಅನುಮಾನ ಅಲ್ಲಿಂದಲೇ ಗಟ್ಟಿಯಾಯಿತು. ಮೀಟರು ಹಾಕದವನು ಮೋಸಗಾರ, ಸರಿ. ಕೇಳದೆ ಹಾಕುವವನು ಇನ್ನೆಷ್ಟು ಪಳಗಿದ ಮೋಸಗಾರನಿರಬೇಕು! "ಕಹಾಂ ಸೇ ಆಯೇ, ಚಾಚಾ?" ಎಂದು ಅವನು ಕೇಳಿದಾಗ, ವಿಮಾನದ ಚೀಟಿ ನೇತಾಡುತ್ತಿದ್ದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, "ಇಧರ್ ಸೇ ಹೀ," ಎಂದರು. ಹೋಗುವ ಮನೆ ಅವನಿಗೆ ಗೊತ್ತಾಗದಿರಲೆಂದು ಎರಡು ಗಲ್ಲಿ ಮೊದಲೇ ಇಳಿದರು. ಪರಿಣಾಮವಾಗಿ ಅವರಿಗೂ ಗೊತ್ತಾಗಲಿಲ್ಲ.

ದಾರಿ ಕೇಳಿದರು. ಹೂ ಮಾರುವವಳು ಮರಾಠಿಯಲ್ಲಿ ಹೇಳಿದಳು, ಇಡ್ಲಿ ಗಾಡಿಯವನು ತಮಿಳಿನಲ್ಲಿ, ಪಾಪಡದ ಅಂಗಡಿಯ ಸಿಂಧಿ ಮುದುಕ ಹಿಂದಿಯಲ್ಲಿ. ಮೂವರೂ ತೋರಿಸಿದ್ದು ಒಂದೇ ದಿಕ್ಕು. ಮೂರು ಭಾಷೆಯ ಜನ ಒಂದೇ ಉತ್ತರ ಹೇಳುತ್ತಾರೆಂದರೆ ಮೊದಲೇ ಮಾತಾಡಿಕೊಂಡಿರಬೇಕು ಎಂದುಕೊಂಡು ಮಾಸ್ತರರು ಬೇರೆ ದಿಕ್ಕಿಗೆ ಹೋದರು. ಬೆವರು ಸುರಿಸಿ ಮರಳಿ ಬಂದಾಗ ಸಿಂಧಿ ಮುದುಕ ಮತ್ತೆ ಅದೇ ಕಡೆಗೆ ಕೈ ತೋರಿಸಿದ.

ಕಟ್ಟಡದ ಹೆಸರು 'ಗಂಗಾಸಾಗರ ಸೊಸೈಟಿ'. ನಾಲ್ಕು ಮಹಡಿ, ಲಿಫ್ಟ್ ಇಲ್ಲ. ನೀರು ಸರಿಯಾಗಿ ಬರುವ ಕಟ್ಟಡಕ್ಕೆ ಇಷ್ಟು ನೀರಿನ ಹೆಸರು ಯಾರು ಇಡುತ್ತಾರೆ?

ಗೇಟಿನಲ್ಲಿ ಪಾಂಡೆ ಎಂಬ ವಾಚ್‌ಮನ್. "ಕಿಸ್ಕೆ ಘರ್ ಜಾನಾ ಹೈ, ಸಾಬ್?"

ಯಾರ ಮನೆಗೆಂದು ಹೇಳಿದರೆ ಗುಟ್ಟು ಹೊರಬೀಳುತ್ತದೆ. ಮಾಸ್ತರರು ಗಂಟಲು ಸರಿಪಡಿಸಿಕೊಂಡರು. "ಕಿಸೀಕೆ ಘರ್ ನಹೀ. ಪಾನಿ ದೇಖ್ನೇಕೋ ಆಯಾ."

ಎರಡನೆಯ ಮಾತು ಅಪ್ಪಟ ಸತ್ಯ. ಮಧ್ಯಾಹ್ನದವರೆಗೆ ಆ ಕಟ್ಟಡದಲ್ಲಿ ಯಾರಾದರೂ ಆಡಿದ ಒಂದೇ ಸತ್ಯ ಇದಾಗಿತ್ತು.

ಇಲ್ಲಿ ಓದುಗರಿಗೆ ಒಂದು ಸಂಗತಿ ತಿಳಿಸಬೇಕು. ನಗರಪಾಲಿಕೆಯ ಕೊಳವೆಯಲ್ಲಿ ನೀರು ತಾನಾಗಿ ಬಂದಷ್ಟನ್ನೇ ಹಿಡಿದುಕೊಳ್ಳಬೇಕು. ಕೊಳವೆಗೇ ಮೋಟರು ಕಟ್ಟಿ ಎಳೆಯುವುದು ಕಾನೂನಿಗೆ ವಿರುದ್ಧ. ಗಂಗಾಸಾಗರದವರು ಈ ಕಾನೂನನ್ನು ಬಹಳ ಗೌರವದಿಂದ, ಮೋಟರಿನ ಸಮೇತ, ಒಂದು ಗೋಣಿಚೀಲದ ಕೆಳಗೆ ಮುಚ್ಚಿಟ್ಟಿದ್ದರು. ಸಫಾರಿ ತೊಟ್ಟು, ಬ್ಯಾಗು ಹಿಡಿದು, ನೀರು ನೋಡಲು ಬಂದವನು ಯಾರೆಂದು ಪಾಂಡೆಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಸೆಲ್ಯೂಟ್ ಹೊಡೆದ. ಮಾಸ್ತರರಿಗೆ ಅದೂ ಅನುಮಾನಾಸ್ಪದವಾಗಿ ಕಂಡಿತು.

ಅಂಗಳದ ಮೂಲೆಯಲ್ಲಿ ಒಂದು ನಲ್ಲಿ ಇತ್ತು. ಮಾಸ್ತರರು ಬಾಟಲಿ ತುಂಬಿಸಿ, ಮುಚ್ಚಳದಲ್ಲಿ ಸ್ವಲ್ಪ ನೀರು ಹಿಡಿದು ಮೀಟರು ಅದ್ದಿದರು. ಮುದ್ದೇಬಿಹಾಳದ ಬೋರಿನ ನೀರಿಗೆ ಸಾವಿರ ದಾಟುವ ಮೀಟರು ಇಲ್ಲಿ ನೂರನ್ನೂ ಮುಟ್ಟಲಿಲ್ಲ. ಒರೆಸಿ ಮತ್ತೆ ಅದ್ದಿದರು. ಅಷ್ಟೇ. "ಬಹುತ್ ಕಮ್ ಹೈ," ಎಂದು ತಲೆಯಾಡಿಸಿದರು. ಬಾಟಲಿಗೆ ಒಂದು ಚೀಟಿ ಅಂಟಿಸಿ 'ಮಾದರಿ: ಗಂಗಾಸಾಗರ' ಎಂದು ಬರೆದರು. ತಲೆ ಎತ್ತುವಷ್ಟರಲ್ಲಿ ಪಾಂಡೆ ಇರಲಿಲ್ಲ. ಅಲ್ಲಿಯತನಕ ಎಲ್ಲಿಂದಲೋ ಕೇಳಿಸುತ್ತಿದ್ದ ಗುಂಯ್ ಎಂಬ ಸದ್ದು ತಟ್ಟನೆ ನಿಂತಿತು.

ಅದೇ ಹೊತ್ತಿಗೆ ಸೋಮವ್ವನ ಫೋನು. "ಎಲ್ಲಿದ್ದೀರಿ?"

"ಏರ್‌ಪೋರ್ಟಿನಾಗ. ಪೇಪರ್ ಓದಾಕತ್ತೀನಿ."

ನೆಲಮಹಡಿಯ ಕಿಟಕಿಯಿಂದ ಕುಕ್ಕರ್ ಉದ್ದಕ್ಕೆ ಸಿಳ್ಳೆ ಹೊಡೆಯಿತು.

"ಅದೇನು ಕುಕ್ಕರ್ ಕೂಗಿದಂಗಾತು?"

"ವಿಮಾನ," ಎಂದು ಮಾಸ್ತರರು ಫೋನು ಇಟ್ಟರು.

ಕುಕ್ಕರಿನ ಹಿಂದಿನಿಂದ ಅಲಮೇಲು ಮಾಮಿ ಹೊರಗೆ ಬಂದರು. ನಾಲ್ಕನೆಯ ಮಹಡಿಯ ನಾಗವ್ವನ ಜೊತೆ ವರ್ಷಗಟ್ಟಲೆ ಹರಟೆ ಹೊಡೆದು ಅವರು ವಿಜಯಪುರದ ಕನ್ನಡವನ್ನು ತಮಿಳಿನ ರಾಗದಲ್ಲಿ ಕಲಿತಿದ್ದರು. "ಸಾರ್ ಕನ್ನಡದವರಾ? ನನಗೂ ಕನ್ನಡ ಬರತೈತಿ! ನೀರು ನೋಡಕ್ಕೆ ಬಂದಿದ್ದೀರಂತೆ. ಇದ್ದರಲ್ಲವಾ ಸಾರ್ ನೋಡೋದು? ಬೆಳಿಗ್ಗೆ ಒಂದು ಚೊಂಬು ಬರತೈತಿ. ಅದರಲ್ಲೇ ಕಾಪಿ, ಅದರಲ್ಲೇ ಪೂಜೆ."

ಮಾಸ್ತರರು ಕತ್ತೆತ್ತಿ ಮೇಲೆ ನೋಡಿದರು. "ಮತ್ತ ಮ್ಯಾಲಿನ ಮಹಡಿಯವರಿಗೆ?"

"ಅಯ್ಯೋ, ಅವರ ಕಥೆ ಕೇಳಬೇಡಿ. ಕೆಳಗಿಂದ ಹೊರಬೇಕು."

"ಹೊರೋರು ಯಾರ್ರಿ?"

"ಮತ್ಯಾರು ಸಾರ್? ಮನೆ ಸೊಸೆಯಂದಿರು! ನನ್ನ ಸೊಸೆ ಹೊತ್ತೂ ಹೊತ್ತೂ ಸೊಂಟ ಹೋಗಿ, ತಾಯಿಮನೆಗೆ ಹೋದವಳು ಇನ್ನೂ ಬಂದಿಲ್ಲ."

ಮಾಮಿಗೆ ಸೊಸೆಯೇ ಇರಲಿಲ್ಲ. ಮಗನಿಗೆ ಇನ್ನೂ ಹೆಣ್ಣು ಹುಡುಕುತ್ತಿದ್ದರು. ಆದರೆ ಸೊಸೈಟಿಯ ಮಾನದ ಪ್ರಶ್ನೆ ಬಂದಾಗ ಆ ಧೀರ ಮಹಿಳೆ ನಿಂತ ನಿಲುವಿನಲ್ಲೇ ಒಬ್ಬ ಸೊಸೆಯನ್ನು ಸೃಷ್ಟಿಸಿ ಅವಳ ಸೊಂಟವನ್ನೂ ಮುರಿದಿದ್ದರು.

ಎರಡನೆಯ ಮಹಡಿಯಿಂದ ವಾಧ್ವಾನಿ ಎಂಬ ಸಿಂಧಿ ಗೃಹಸ್ಥರು ಧಾವಿಸಿ ಬಂದರು. ಹೆಗಲ ಮೇಲೆ ಟವೆಲು, ತಲೆಯಿಂದ ತೊಟ್ಟಿಕ್ಕುವ ನೀರು, ಎಡಗಿವಿಯಲ್ಲಿ ಸಾಬೂನಿನ ನೊರೆ. "ಪಾನಿ? ಕೌನ್ಸಾ ಪಾನಿ, ಸಾಬ್? ಹಮ್ ತೋ ಇತವಾರ್ ಕೋ ನಹಾತೇ ಹೈಂ!"

ಸ್ನಾನ ಭಾನುವಾರಕ್ಕೊಮ್ಮೆಯಂತೆ; ಅಂದು ಗುರುವಾರ. ಮಾಸ್ತರರು ತೊಟ್ಟಿಕ್ಕುತ್ತಿದ್ದ ತಲೆಯನ್ನು ಬೆರಳಿನಿಂದ ತೋರಿಸಿದರು. "ಯೇ ಕ್ಯಾ ಹೈ?"

"ಪಸೀನಾ," ಎಂದರು ವಾಧ್ವಾನಿ.

ಆ ಬೆವರಿನಿಂದ ಗಂಧದ ಸಾಬೂನಿನ ಪರಿಮಳ ಬರುತ್ತಿತ್ತು. ಈ ಜನ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದರಲ್ಲಿ ಮಾಸ್ತರರಿಗೆ ಸಂದೇಹ ಉಳಿಯಲಿಲ್ಲ. ಏನನ್ನು ಎಂಬುದಷ್ಟೇ ತಿಳಿಯಲಿಲ್ಲ.

ಮಾಮಿ ಕಾಫಿ ತಂದರು. ಮಾಸ್ತರರು ಕೈ ಅಡ್ಡ ಹಿಡಿದರು. ವಾಧ್ವಾನಿ ಓಡಿಹೋಗಿ ಎಳನೀರು ತಂದರು. ಎಳನೀರೂ ನೀರೇ ಅಲ್ಲವೇ? ಹೊರಗಿನಿಂದ ತಂದದ್ದಾದರೂ ಇದೇ ಅಂಗಳದಲ್ಲಿ ಕುಡಿದರೆ ಏನಾಗುತ್ತದೆ ಎಂಬ ಬಗ್ಗೆ ರೂಢಿಯಲ್ಲಿ ಸ್ಪಷ್ಟತೆ ಇರಲಿಲ್ಲ. "ಇಲ್ಲಿದು ಒಂದು ಹನಿನೂ ನಾ ಮುಟ್ಟಂಗಿಲ್ರಿ," ಎಂದರು ಮಾಸ್ತರರು. "ನಮ್ಮಲ್ಲಿ ಅದು ನಡಿಯಂಗಿಲ್ಲ."

ಮಾಮಿ ಅದನ್ನು ಹಿಂದಿಗೆ ತಂದು ಹೇಳಿದಾಗ ವಾಧ್ವಾನಿಯವರ ಮುಖ ಬಿಳಚಿಕೊಂಡಿತು. ಚಹಾ ಕುಡಿಯದ ಸರಕಾರಿ ಮನುಷ್ಯನನ್ನು ಅವರು ಈ ತನಕ ಕಂಡಿರಲಿಲ್ಲ. "ವಿಜಿಲೆನ್ಸ್!" ಎಂದು ಮಾಮಿಯ ಕಿವಿಯಲ್ಲಿ ಪಿಸುಗುಟ್ಟಿ ಮೆಟ್ಟಿಲು ಹತ್ತಿ ಮಾಯವಾದರು.

ಅರೆ ಕ್ಷಣದಲ್ಲಿ ಸೊಸೈಟಿಯ ಸೆಕ್ರೆಟರಿ ಕೈಮುಗಿದುಕೊಂಡೇ ಇಳಿದು ಬಂದರು. "ಬರ್ರಿ ಸಾಹೇಬರ, ಬರ್ರಿ! ನಾ ಮುರಿಗೆಪ್ಪ ಅಂತ್ರಿ. ನಮ್ಮ ಕಡಿಯವರಂತಲ್ರಿ ನೀವು! ಯಾವೂರು?"

ಮಾಸ್ತರರು ಬ್ಯಾಗನ್ನು ಎದೆಗೆ ಒತ್ತಿಕೊಂಡರು. ಬೀಗನಾಗಬೇಕಾದವನೇ ಎದುರಿಗೆ! "ತಾಳಿಕೋಟಿ ಕಡಿ," ಎಂದು ಒಂದು ಸುಳ್ಳು ತೇಲಿಬಿಟ್ಟರು.

"ಹಂಗಾದರ ಮನಿಯವರಽ ಆದಿರಿ. ಮ್ಯಾಲ ಬರ್ರಿ, ಖುದ್ದು ನೋಡ್ರಿ. ನಿಮ್ಮ ಮುಂದ ನಾ ಸುಳ್ಳು ಹೇಳಲೇನ್ರಿ?"

ಹೀಗೆ ಕೇಳುವವರು ಮುಂದೆ ಏನು ಮಾಡುತ್ತಾರೆಂದು ಮಾಸ್ತರರಿಗೆ ಗೊತ್ತಿತ್ತು. ಆದರೂ ಹತ್ತಿದರು. ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಅವರಿಗೆ ಉಸಿರು ಸಾಲದಾಯಿತು. ಒಂದು ಬ್ಯಾಗಿಗೇ ಹೀಗಾದರೆ, ಕೈಯಲ್ಲಿ ಕೊಡ ಇದ್ದರೆ? ಮೆಟ್ಟಿಲ ಮೇಲೆ ಅನುರಾಧಾ ಕಣ್ಣಿಗೆ ಕಟ್ಟಿದಳು. ಬಲ ಭುಜ ಎಡದಕ್ಕಿಂತ ಕೆಳಗೆ.

ಮುರಿಗೆಪ್ಪನವರ ಮನೆಯಲ್ಲಿ ಕೊಡ, ಬಕೆಟು, ಪಾತ್ರೆ, ಕೊನೆಗೆ ದೇವರ ಮುಂದಿನ ತಟ್ಟೆಯ ತನಕ ಎಲ್ಲವನ್ನೂ ಬೋರಲು ಹಾಕಲಾಗಿತ್ತು. ನಲ್ಲಿ ತಿರುಗಿಸಿದರೆ ಗಾಳಿ ಬಂತು. ಅಧಿಕಾರಿ ಪರೀಕ್ಷೆ ಮಾಡಿದರೆ ಒಂದು ಹನಿಯೂ ಬೀಳಬಾರದೆಂದು ಮುರಿಗೆಪ್ಪನವರು ಪಾಂಡೆಗೆ ಹೇಳಿ ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿಸಿದ್ದರು.

"ನೋಡ್ರಿ ಸಾಹೇಬರ. ಒಣಗಿದ ಮನಿ."

"ಹೊರೋರು ಯಾರು?" ಮಾಸ್ತರರು ಕೇಳಿದರು.

"ನಾನರೀ," ಎಂದು ಒಳಗಿನಿಂದ ಅವರ ಹೆಂಡತಿ ನಾಗವ್ವ ಬಂದರು, ಎಡಗಾಲು ಎಳೆಯುತ್ತ. "ಹೊತ್ತು ಹೊತ್ತು ಮೊಣಕಾಲು ಹೋದ್ವು." ಕುರ್ಚಿ ತರಲು ತಿರುಗಿ ಹೋಗುವಾಗ ಬಲಗಾಲು ಎಳೆದರು. ಮಾಸ್ತರರು ಅದನ್ನೂ ಗಮನಿಸಿದರು. ಎರಡೂ ಹೋಗಿವೆ ಎಂದುಕೊಂಡರು.

ಮುರಿಗೆಪ್ಪನವರಿಗೆ ಕೇಳುಗರು ಸಿಕ್ಕರೆ ನಿಲ್ಲಿಸುವ ಅಭ್ಯಾಸ ಇರಲಿಲ್ಲ. "ಆಕೀದು ಮುಗೀತ್ರಿ. ಅದಕ್ಕಽ ಮಗನಿಗೆ ಊರ ಕಡಿಂದ ಹೆಣ್ಣು ತರಾಕತ್ತೀವಿ. ಮುಂಬಯಿ ಹುಡುಗ್ಯಾರು ಇಷ್ಟು ಮೆಟ್ಟಲಾ ಹತ್ತಿ ನೀರ ಹೊರತಾರೇನ್ರಿ? ಮುದ್ದೇಬಿಹಾಳದಾಕಿ ಅದಾಳ. ಕೊಡ ಹೊತ್ತು ರೂಢಿ ಇರತೈತಿ. ಬಂದ ದಿನಾನಽ ಎರಡು ಕ್ಯಾನ್ ಕೈಯಾಗ ಕೊಟ್ಟುಬಿಡೋದು!"

"ಆಕಿ ಬ್ಯಾಂಕಿನ ಕೆಲಸಕ್ಕ ಹೋಗೂದರೊಳಗ ನಾಕು ಸಲ ಹತ್ತಿ ಇಳೀಬೋದ್ರಿ," ಎಂದು ನಾಗವ್ವ ಕುರ್ಚಿ ಇಟ್ಟರು.

ಮಾಸ್ತರರು ಕುರ್ಚಿಯಲ್ಲಿ ಕೂರಲಿಲ್ಲ. ಅವರ ಸಫಾರಿಯ ಮೇಲಿನ ಗುಂಡಿ ಪಟ್ಟೆಂದು ಹಾರಿತು.

"ನನ್ನ ಮಗಳು ಬ್ಯಾಂಕಿನಾಗ ಆಫೀಸರ್ ಅದಾಳ್ರೀ!"

ಮುರಿಗೆಪ್ಪನವರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ನಾಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡರು. ಅವರ ಎರಡೂ ಮೊಣಕಾಲು ಆ ಕ್ಷಣವೇ ವಾಸಿಯಾದವು.

"ನೀವು... ನೀರಿನ ಇಲಾಖೆಯವರಲ್ಲೇನ್ರಿ?"

"ನಾ ಅಣವ್ವೀರಪ್ಪ, ಮುದ್ದೇಬಿಹಾಳ!" ಎಂದು ಮಾಸ್ತರರು ಗುಡುಗಿದರು. ಸಿಟ್ಟಿನಲ್ಲಿ ಹೆಸರಿನಲ್ಲೂ ಒಂದು ಒತ್ತು ಹೆಚ್ಚಿಗೆ ಬಿದ್ದಿತ್ತು.

"ಬೀಗರ!" ಮುರಿಗೆಪ್ಪನವರು ಎರಡೂ ಕೈ ಹಿಡಿಯಲು ಬಂದರು. "ನೀರ ಅದಾವ್ರಿ! ಬೇಕಾದಷ್ಟ ಅದಾವ! ಅದು ಎಲ್ಲಾ ಸುಳ್ಳು! ನಮ್ಮಲ್ಲಿ ಕದ್ದು ಹಚ್ಚಿದ ಮೋಟರ್ ಐತ್ರಿ!" ಬೀಗತನ ಬೆಳೆಸಲು ಇದು ಒಳ್ಳೆಯ ಆರಂಭವಲ್ಲವೆಂದು ಅವರಿಗೆ ಹೊಳೆಯಲಿಲ್ಲ. ಬಾಲ್ಕನಿಗೆ ಓಡಿ ಕೂಗಿದರು: "ಪಾಂಡೇ! ಮೋಟರ್ ಚಾಲೂ ಕರ್! ವಾಲ್ವ್ ಖೋಲ್!"

ಕೆಳಗಿನ ಬಾಲ್ಕನಿಯಿಂದ ವಾಧ್ವಾನಿಯವರ ತಲೆ ಹೊರಬಂತು. "ಪಾಗಲ್ ಹೋ ಗಯೇ ಕ್ಯಾ, ಸೆಕ್ರೆಟರಿ? ಸಾಬ್ ಊಪರ್ ಬೈಠಾ ಹೈ!"

"ಸಾಬ್ ನಹೀ ಹೈ! ಸಮಧಿ ಹೈ!" ಎಂದು ಮುರಿಗೆಪ್ಪನವರು ಬೀಗತನವನ್ನು ಹಿಂದಿಯಲ್ಲಿ ಸಾರಿದರು.

ಆದರೆ ಪಾಂಡೆ ಇರಲಿಲ್ಲ. ವಿಜಿಲೆನ್ಸ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆ ಸ್ವಾಮಿಭಕ್ತ ಮೋಟರನ್ನೂ ವಾಲ್ವಿನ ಹಿಡಿಕೆಯನ್ನೂ ಅದೇ ಗೋಣಿಚೀಲದಲ್ಲಿ ಕಟ್ಟಿಕೊಂಡು, ರಿಕ್ಷಾ ಹತ್ತಿ, ಗೋವಂಡಿಯ ಭಾವನ ಮನೆಗೆ ಹೋಗಿಬಿಟ್ಟಿದ್ದ. ಸಂಜೆಯ ತನಕ ಬರುವುದಿಲ್ಲವೆಂದು ಮಾಮಿಗೆ ಹೇಳಿ ಹೋಗಿದ್ದ. ಹೀಗೆ ಬೆಳಗಿನಿಂದ ಎಲ್ಲರೂ ಸೇರಿ ಹೇಳಿದ ಸುಳ್ಳು ಮಧ್ಯಾಹ್ನದ ಹೊತ್ತಿಗೆ ನಿಜವಾಗಿ ಕುಳಿತಿತ್ತು. ಮುರಿಗೆಪ್ಪನವರು ಮನೆಯ ಎಲ್ಲ ನಲ್ಲಿಗಳನ್ನೂ ತಿರುಗಿಸಿದರು. ಒಂದೊಂದೂ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಮಾಸ್ತರರು ಬ್ಯಾಗು ಎತ್ತಿಕೊಂಡರು. "ನೀರ ಇಲ್ಲ ಅಂದ್ರಿ. ಈಗ ಅದಾವ ಅಂತೀರಿ. ನಿಮ್ಮ ಎರಡು ಸುಳ್ಳಿನಾಗ ಖರೆ ಯಾವುದ್ರಿ?"

ಉತ್ತರಕ್ಕೆ ಕಾಯದೆ ಇಳಿಯತೊಡಗಿದರು. ಹಿಂದೆ ಮುರಿಗೆಪ್ಪ, ಅವರ ಹಿಂದೆ ಖಾಲಿ ತಂಬಿಗೆ ಹಿಡಿದ ನಾಗವ್ವ. ತಂಬಿಗೆಯನ್ನು ಏಕೆ ತಂದೆನೆಂದು ಆಕೆಗೇ ತಿಳಿಯದು.

ಎರಡನೆಯ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ಒಬ್ಬ ಹುಡುಗ ಬಂದ. ರಿಫೈನರಿಯ ಸಮವಸ್ತ್ರ; ಬಲ ಹೆಗಲ ಮೇಲೊಂದು ನೀರಿನ ಕ್ಯಾನು, ಎಡಗೈಯಲ್ಲೊಂದು. ಫೋಟೋದಲ್ಲಿ ಕಂಡ ಮುಖವೇ. ಅವನಿಗೆ ಮಾಸ್ತರರ ಗುರುತಿಲ್ಲ.

"ಜರಾ ಸರೀರಿ ಕಾಕಾ, ಚೆಲ್ಲತದ."

ಮಾಸ್ತರರು ಗೋಡೆಗೆ ಒತ್ತಿ ನಿಂತರು. ತಡೆಯಲಾಗದೆ ಕೇಳಿದರು: "ಯಾರಿಗೆ ಇದು?"

"ಒಂದು ವಾಧ್ವಾನಿ ಅಂಕಲ್‌ಗೆ. ಅವರ ಕಿವಿಯಾಗ ಸಾಬಣ್ ಉಳಿದದಂತೆ. ಒಂದು ನಮ್ಮ ಮನಿಗೆ. ಪಾನಿ ಬಂದ್ ಅದ ಅಂತ ಮಾಮಿ ಫೋನ್ ಮಾಡಿದ್ರು. ಶಿಫ್ಟ್ ಮುಗಿದಿತ್ತು, ಅಂಗಳದ ನಲ್ಲಿಯಿಂದ ತುಂಬಿಕೊಂಡು ಬಂದೆ."

"ನಿಮ್ಮನ್ಯಾಗ ದಿನಾ ನೀರ ಹೊರೋರು ಯಾರು?"

"ದಿನಾ ಇಲ್ಲ ಕಾಕಾ, ಟ್ಯಾಂಕ್ ಅದ ನಾ. ಬಂದ್ ಆದಾಗ ನಾನೇ."

"ನಿಮ್ಮವ್ವನ ಮೊಣಕಾಲು ಹೋಗ್ಯಾವಂತಲ್ಲ?"

ಹುಡುಗ ನಕ್ಕ. "ಮಮ್ಮಿದು? ಕ್ಯಾ ಬಾತ್ ಕರ್ತೇ ಹೋ! ಮುಂಜಾನೆ ಎರಡು ಸಲ ಇಳಿದು ಮಾಮಿ ಜೊತೆ ಮಾತಾಡಿ ಬರ್ತಾಳ. ಖಾಲಿ ಕ್ಯಾನ್ ಸುದ್ದಾ ಆಕಿಗೆ ನಾನು ಮುಟ್ಟಲಿಕ್ಕೆ ಬಿಡಲ್ಲ."

ವಾಧ್ವಾನಿಯವರ ಬಾಗಿಲಿನಲ್ಲಿ ಅವನು ಕ್ಯಾನು ಇಳಿಸಿದ. ಮೊದಲು ಮೊಣಕಾಲು ಬಗ್ಗಿತು, ಆಮೇಲೆ ಅಂಗೈ ತಳಕ್ಕೆ ಹೋಯಿತು, ಆಮೇಲೆ ಹೆಗಲು ಓರೆಯಾಯಿತು. ಒಂದು ಹನಿ ಚೆಲ್ಲಲಿಲ್ಲ. ಮಾಸ್ತರರ ಬಾಲ್ಯದ ರಜೆಗಳೆಲ್ಲ ಅಕ್ಕನ ಗಂಡನ ಮನೆಯಲ್ಲಿ, ಆಕೆ ಕೊಡ ಇಳಿಸುವುದನ್ನು ನೋಡುತ್ತ ಕಳೆದಿದ್ದವು. ಈ ಊರಿನಲ್ಲಿ ಬೆಳಗಿನಿಂದ ಕಂಡದ್ದೆಲ್ಲ ನಾಟಕವಾಗಿರಬಹುದು. ಇದನ್ನು ನಾಟಕಕ್ಕೆಂದು ಯಾರೂ ಕಲಿಯಲಾರರು.

ಆದರೂ ಎರಡನೆಯ ಸಲ ಕಾಣದೆ ನಂಬುವುದು ಹೇಗೆ? "ಇನ್ನೊಂದನ್ನೂ ಇಳಿಸು ನೋಡೋಣ," ಎಂದರು.

ಹುಡುಗ ತಬ್ಬಿಬ್ಬಾಗಿ ಅದನ್ನೂ ಇಳಿಸಿದ. ಹಾಗೆಯೇ, ಹನಿ ಚೆಲ್ಲದೆ.

ಅಷ್ಟರಲ್ಲಿ ನಾಗವ್ವನಿಗೆ ತಂಬಿಗೆ ಏಕೆಂದು ಹೊಳೆಯಿತು. ಕ್ಯಾನಿನಿಂದ ತುಂಬಿ ಮುಂದೆ ಹಿಡಿದರು. "ಅಣ್ಣಾರ, ಒಂದು ಗುಟುಕು! ಬಿಸಿಲಾಗ ಬಂದೀರಿ."

ಇವರೇ ಅನುರಾಧಾಳ ತಂದೆಯೆಂದು ಶರಣುವಿಗೆ ಈಗ ಅರ್ಥವಾಯಿತು. ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲ ಮೇಲೆ ನಿಂತು ಆ ತಂಬಿಗೆಯನ್ನೇ ನೋಡುತ್ತಿತ್ತು. ಮಾಸ್ತರರ ಗಂಟಲು ಒಣಗಿ ಕಟ್ಟಿಗೆಯಾಗಿತ್ತು; ಬೆಳಗಿನಿಂದ ಒಂದು ಹನಿ ಇಳಿದಿರಲಿಲ್ಲ. ಅವರಪ್ಪನೂ ಹೀಗೆಯೇ ಬಿಸಿಲಿನಲ್ಲಿ ಬಂದು ನಿಂತಿದ್ದರು.

"ವಿಮಾನಕ್ಕ ಹೊತ್ತಾತು," ಎಂದರು ಮಾಸ್ತರರು.

ಶರಣು ತನ್ನ ಮೋಟರ್‌ಸೈಕಲ್ಲಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟ. ದಾರಿಯುದ್ದಕ್ಕೂ ಎಲ್ಲ ಸಿಗ್ನಲ್ಲಿಗೂ ನಿಂತ. ಹಿಂದೆ ಮಾವ ಕುಳಿತಿದ್ದಾನೆಂದು ನಿಲ್ಲುತ್ತಿದ್ದಾನೋ, ದಿನವೂ ನಿಲ್ಲುತ್ತಾನೋ? ಮಾಸ್ತರರು ಹಿಂದೆ ಕುಳಿತು ಇದನ್ನೇ ಯೋಚಿಸಿದರು. ಇಳಿಯುವಾಗ ಶರಣು ಕಾಲು ಮುಟ್ಟಿ ನಮಸ್ಕರಿಸಿದ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬ್ಯಾಗು ಯಂತ್ರದಿಂದ ಹೊರಬರಲಿಲ್ಲ. ಭದ್ರತೆಯ ಜವಾನ ಅದರಿಂದ ಮೊದಲು ಪೆನ್ನಿನಂಥ ಮೀಟರನ್ನು ತೆಗೆದ. ಆಮೇಲೆ, ತನಗೆ ಓದಲು ಬಾರದ ಲಿಪಿಯ ಚೀಟಿ ಅಂಟಿಸಿದ ಬಾಟಲಿಯನ್ನು ತೆಗೆದ. ಜೀವನದಲ್ಲಿ ಮೊದಲ ಬಾರಿಗೆ ಮಾಸ್ತರರು ತಮಗಿಂತ ದೊಡ್ಡ ಅನುಮಾನಗಾರನನ್ನು ಎದುರಿಗೆ ಕಂಡರು.

"ಯೇ ಕ್ಯಾ ಹೈ?"

"ಪಾನಿ."

"ಪೀಕೇ ದಿಖಾವೋ." ಕುಡಿದು ತೋರಿಸಬೇಕಂತೆ.

"ಪೀ ನಹೀ ಸಕ್ತಾ."

ಜವಾನನ ಹುಬ್ಬು ಮೇಲೇರಿತು. ಇನ್ನಿಬ್ಬರು ಜವಾನರು ಹತ್ತಿರ ಬಂದರು. ಹಿಂದಿನ ಸಾಲಿನಲ್ಲಿ ಯಾರೋ ಗುಜರಾತಿಯಲ್ಲಿ ಗೊಣಗಿದರು, ಯಾರೋ ಇಂಗ್ಲಿಷಿನಲ್ಲಿ. "ಕ್ಯೂಂ ನಹೀ ಪೀ ಸಕ್ತೇ?"

"ಪೀಯಾ ತೋ ಬೇಟೀಕಾ ಶಾದಿ ಪಕ್ಕಾ ಹೋತಾ ಹೈ."

ಜವಾನ ತನ್ನ ಸೇವಾವಧಿಯಲ್ಲಿ ಬಗೆಬಗೆಯ ಕಾರಣಗಳನ್ನು ಕೇಳಿದ್ದ. ಇದನ್ನು ಕೇಳಿರಲಿಲ್ಲ. ಮಾಸ್ತರರನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿ, ಪಕ್ಕದಲ್ಲಿದ್ದ ಕಸದ ಡಬ್ಬಿಯನ್ನು ಬೂಟಿನಿಂದ ಮುಂದೆ ಸರಿಸಿದ. "ಪೀಓ, ನಹೀ ತೋ ಫೇಂಕೋ."

ಮಾಸ್ತರರು ಬಾಟಲಿ ಹಿಡಿದು ನಿಂತರು. ಎಸೆದರೆ ಆ ಸಂಬಂಧವನ್ನೇ ಎಸೆದಂತೆ. ಅದನ್ನು ಎಸೆಯಲು ಕೈ ಚಾಚಿ ನೋಡಿದರು. ಡಬ್ಬಿಯ ಮೇಲೆ ಬಂದ ಕೈ ಅಲ್ಲೇ ನಿಂತಿತು. ಮೆಟ್ಟಿಲ ಮೇಲೆ ಬಗ್ಗಿದ ಮೊಣಕಾಲು, ತಳಕ್ಕೆ ಹೋದ ಅಂಗೈ ಕಣ್ಣ ಮುಂದೆ ಬಂದವು.

ಮುಚ್ಚಳ ತೆಗೆದು ಎತ್ತಿ ಕುಡಿದರು. ಒಂದು ಗುಟುಕಿಗೆ ಜವಾನ ಸಾಕೆಂದ. ಅವರು ನಿಲ್ಲಿಸಲಿಲ್ಲ, ಬಾಟಲಿ ಖಾಲಿಯಾಯಿತು.

"ಮುಬಾರಕ್ ಹೋ," ಎಂದು ಜವಾನ ಮೀಟರನ್ನು ವಾಪಸು ಕೊಟ್ಟ.

ಕುರ್ಚಿಯೊಂದನ್ನು ಹುಡುಕಿ ಕುಳಿತು ಅಕ್ಕನಿಗೆ ಫೋನು ಮಾಡಿದರು.

"ನೀರ ನೋಡಿದ್ಯಾ?" ಎಂದಳು ಹನುಮವ್ವ.

"ನೋಡಿದೆ."

"ಹೆಂಗದಾವ?"

"ನೀರ ಸಿಹಿ ಅದಾವ. ಮಂದಿ ಭಾಳ ಸುಳ್ಳು ಹೇಳತಾರ."

"ಮಂದಿ ಬಿಡು. ಹೊರೋರು ಯಾರು?"

"ಹುಡುಗ."

ಫೋನು ಕಟ್ಟಾಯಿತೇನೋ ಎಂದು ಮಾಸ್ತರರು ಕಿವಿಯಿಂದ ತೆಗೆದು ನೋಡಿದರು; ಕಟ್ಟಾಗಿರಲಿಲ್ಲ. ಆಮೇಲೆ ಹನುಮವ್ವನ ದನಿ ಬಂತು, ಸ್ವಲ್ಪ ಒದ್ದೆಯಾಗಿ. "ಕುಡಿದ್ಯಾ ಮತ್ತ?"

"ನಾ ಕುಡಿಯೋಂವ ಇರಲಿಲ್ಲಕ್ಕ. ಪೊಲೀಸರು ಹಿಡಿದು ಕುಡಿಸಿದರು."

"ಯಾರರೆ ಕುಡಿಸಲಿ," ಎಂದಳು ಹನುಮವ್ವ. "ಹೊಟ್ಟ್ಯಾಗ ಹೋತಿಲ್ಲೋ? ಸೋಮವ್ವಗ ಹೇಳು, ಸೀರಿ ನೋಡಾಕ ಶುರು ಮಾಡಲಿ."

ವಿಮಾನ ಮೇಲೇರಿದ ಮೇಲೆ ಗಗನಸಖಿ ಒಂದು ಲೋಟ ನೀರು ತಂದು ನಗುತ್ತ ಮುಂದೆ ಹಿಡಿದಳು. ಮಾಸ್ತರರು ಲೋಟವನ್ನು ನೋಡಿದರು. ಅವಳ ನಗೆಯನ್ನು ನೋಡಿದರು. ಆಮೇಲೆ ಜೇಬಿನಿಂದ ಮೀಟರು ತೆಗೆದರು.